ಸುಬೇದಾರನ ಹುತ್ತರಿ

ಹೆಸರು ಸುಬೇದಾರ. ಇಟ್ಟವರು ಮಾವ.
ಮರಿಯಾಗಿದ್ದಾಗ ಎದೆ ಉಬ್ಬಿಸಿ ನಡೆಯುತ್ತಿದ್ದನಂತೆ.
ಈಗ ಒಗ್ಗರಣೆಯ ಸಾಸಿವೆ ಸಿಡಿದರೂ
ಮೇಜಿನಡಿ ಸೇರುತ್ತಾನೆ.
ಗೋಡೆಯಲ್ಲಿ ಮೂರು ಕೋವಿ ತೂಗುವ ಮನೆಯಲ್ಲಿ
ಅವನೊಬ್ಬನಿಗೇ ಇಂಥ ಎದೆ.

ಆಚೆ ವರ್ಷದ ಹುತ್ತರಿ.
ಗದ್ದೆಯಲ್ಲಿ ಈಡು ಹಾರಿದ ಗಳಿಗೆಗೆ
ಅಡುಗೆಮನೆಯ ಹಿಂಬಾಗಿಲು ಯಾರೋ ತೆರೆದಿಟ್ಟಿದ್ದರು.
ಯಾರೆಂದು ಈಗ ಕೇಳುವುದಿಲ್ಲ, ಮನೆಯಲ್ಲಿ ನಲವತ್ತು ಜನ.
ಮೂರು ದಿನ ಹುಡುಕಿದೆವು:
ಕಾಫಿ ಸಾಲುಗಳಲ್ಲಿ, ಲೈನ್ ಮನೆಗಳ ಹಿಂದೆ,
ಹೊಳೆಬದಿಯ ಬಿದಿರು ಮೆಳೆಯಲ್ಲಿ.
ಆನೆ ಇಳಿದಿದೆ, ಹೊರಗೆ ಬರಬೇಡಿ ಎಂದ ರಾತ್ರಿಯೂ
ಟಾರ್ಚ್ ಹಿಡಿದು ಕೂಗಿದೆ: ಸುಬೇದಾರ್! ಸುಬೇದಾರ್!
ಪಕ್ಕದ ತೋಟದ ನಿವೃತ್ತ ಸುಬೇದಾರ್ ಮೊಣ್ಣಪ್ಪನವರು
ಎರಡು ಸಲ ಬಾಗಿಲು ತೆರೆದು ಏನಮ್ಮಾ ಎಂದರು.

ಸಿಕ್ಕಿದ್ದು ಪಾಲಿಬೆಟ್ಟದ ದಾರಿಯ ಮೋರಿಯೊಳಗೆ.
ಕಿವಿ ತುಂಬ ಉಣ್ಣೆ, ಮುಂಗಾಲು ಊದಿ ಬುರುಬುರು.
ಬಾ ಎಂದರೆ ಬರಲಿಲ್ಲ.
ನಾನೇ ತೆವಳಿದೆ.

ಅಂದಿನಿಂದ ನನ್ನ ಹಬ್ಬ ಮೂರು ಗಂಟೆಗೇ ಶುರು.
ಕೆರೆಯ ತನಕ ಉದ್ದ ನಡಿಗೆ, ಅವನ ಕಾಲು ಸೋಲುವಷ್ಟು.
ಕೊರಳಪಟ್ಟಿಗೆ ತಗಡು, ತಗಡಿನಲ್ಲಿ ನನ್ನ ನಂಬರು.
ಗೇಟಿಗೆ ಚಿಲಕ. ಕಾರೊಂದು ಒಳಬಂದರೆ ಮತ್ತೆ ಚಿಲಕ.
ಮಕ್ಕಳಿಗೆ ತಾಕೀತು: ಕೋಳಿಮೂಳೆ ಹಾಕಬಾರದು,
ಪಾಯಸದ ದ್ರಾಕ್ಷಿ ಅವನಿಗೆ ವಿಷ.
ಒಂದೇ ಒಂದು, ಆಂಟಿ?
ಒಂದೂ ಇಲ್ಲ.
ಹುಣಸೂರಿನಿಂದ ಬಂದ ನಾದಿನಿ ನಗುತ್ತಾಳೆ:
ನಾಯಿಗೂ ಇಷ್ಟು ಮಡಿಯಾ?

ಕಾಫಿ ಸ್ಟೋರಿನ ಒಳಕೋಣೆ ನಮ್ಮದು.
ಸುತ್ತ ಚೆರಿಯ ಚೀಲಗಳು, ಸೂರಿನ ತನಕ.
ಚೀಲಗಳು ಸದ್ದು ಕುಡಿಯುತ್ತವೆ, ಅದು ನಾನೇ ಕಂಡುಕೊಂಡದ್ದು.
ಹಳೆ ಕಂಬಳಿ, ಒಗೆಯದ ನನ್ನ ಸ್ವೆಟರು,
ನೀರಿನ ಬೋಗುಣಿ,
ಬೇಯಿಸಿದ ಹುತ್ತರಿ ಗೆಣಸಿನ ತುಂಡು, ಜೇನಿಲ್ಲದ್ದು.
ರೇಡಿಯೋ, ತುಸು ಗಟ್ಟಿಯಾಗಿ.

ಎಂಟು ಇಪ್ಪತ್ತಕ್ಕೆ ಕದಿರು.
ಕುಕ್ಕೆ, ಕತ್ತಿ, ದೀಪ ಹಿಡಿದು ಅವರು ಇಳಿಯುತ್ತಾರೆ,
ಹೆಜ್ಜೆಗಳು ಏರಿಯ ಮೇಲೆ ತೆಳ್ಳಗಾಗುತ್ತವೆ.
ಹೊರಗೆ ಹುಣ್ಣಿಮೆ ಇರಬೇಕು.
ಕಿಟಕಿಗೆ ಗೋಣಿ ಹೊದಿಸಿದವಳು ನಾನೇ.

ಹೆದರಬೇಡ ಎಂದು ಹೇಳುವುದಿಲ್ಲ.
ಆ ಮಾತಿನ ದನಿಯಲ್ಲೇ ಹೆದರಿಕೆ ಇರುತ್ತದೆ.
ಬದಲಿಗೆ ಆಕಳಿಸುತ್ತೇನೆ. ಸುಳ್ಳು ಆಕಳಿಕೆ, ಬಾಯಿ ತುಂಬ.
ಅವನು ನೋಡುತ್ತಾನೆ.
ಅವನೂ ಆಕಳಿಸುತ್ತಾನೆ, ನಿಜದ್ದು.

ಆಗ ಈಡು.

ಮಂಡಿಗೊತ್ತಿದ ಗಲ್ಲ ಒಂದೇ ಸಮ ನಡುಗಿತು.
ಅದರ ಹಿಂದೆಯೇ ಪಟಾಕಿ: ನಮ್ಮೂರಿನದು,
ಪಕ್ಕದ ಊರಿನದು, ಅದರಾಚೆಯದು,
ಗುಡ್ಡಗಳು ಒಂದನ್ನೊಂದು ಕರೆದು ಮಾತಾಡಿದ ಹಾಗೆ.
ಗದ್ದೆಯಿಂದ ತೇಲಿ ಬಂತು ಪೊಲಿ ಪೊಲಿಯೇ ದೇವಾ.
ಅಲ್ಲಿ ನಿಂತು ನಾನು ಕೂಗಬೇಕಿದ್ದ ಪೊಲಿಯನ್ನು
ಅವನ ಕಿವಿಯಲ್ಲಿ ಪಿಸುಗುಟ್ಟಿದೆ: ಹೆಚ್ಚಲಿ ದೇವರೇ, ಹೆಚ್ಚಲಿ.
ಏನು ಹೆಚ್ಚಲಿ ಎಂದು ತೋಚಲಿಲ್ಲ.
ಧೈರ್ಯ, ಅಂದೆ.
ಇಬ್ಬರಿಗೂ ಸೇರಿಸಿ.

ಎಷ್ಟು ಹೊತ್ತಾಯಿತೋ. ಬಾಗಿಲು ಕೆರೆದ ಸದ್ದು.
ಅತ್ತೆ.
ನಾಯಿ ಅಂಗಳ ದಾಟಬಾರದೆಂದು ವರ್ಷವಿಡೀ ಹೇಳುವವರು
ಎಲೆಯಲ್ಲಿ ಸುತ್ತಿದ ಕದಿರು ಹಿಡಿದು ನಿಂತಿದ್ದರು,
ಸೀರೆಯ ಅಂಚಿಗೆ ಗದ್ದೆಯ ಕೆಸರು.
ಕಂಬಕ್ಕೆ ಕಟ್ಟಿಯಾಯಿತು, ಬಾಗಿಲಿಗಾಯಿತು,
ಜೀಪಿಗೂ ಕಟ್ಟಿದರು ಹುಡುಗರು.
ಇವನೊಬ್ಬ ಬಾಕಿ, ಎಂದರು.
ಕೊರಳಪಟ್ಟಿಗೆ ನಾರು ಬಿಗಿದರು, ತಗಡಿನ ಪಕ್ಕ.
ಅವನು ಮೂಸಿದ. ಹಸಿ ಮಣ್ಣು, ಇಬ್ಬನಿ, ಹಾಲುಗಾಳು.

ಹೊಸ ಅಕ್ಕಿಯ ಪಾಯಸ ಇನ್ನೂ ಒಲೆಯ ಮೇಲಿತ್ತು.
ದೀಪದ ಮುಂದೆ ಇಟ್ಟಿರಲಿಲ್ಲ,
ಗುರುಕಾರೋಣರಿಗೆ ಎಡೆಯಾಗಿರಲಿಲ್ಲ.
ಸುಬೇದಾರ ಕತ್ತು ತಿರುಚಿ
ಎರಡು ಕಾಳು ಕಿತ್ತು, ನಿಧಾನ ಅಗಿದ.

ಅತ್ತೆ ನನ್ನ ಮುಖ ನೋಡಿದರು.
ನಾನು ರೇಡಿಯೋ ನೋಡಿದೆ.
ಯಾರಿಗೂ ಹೇಳಬೇಡ, ಎಂದು ಅವರು
ಬಾಗಿಲು ಮುಂದೆ ಮಾಡಿ
ನಮ್ಮ ಕಂಬಳಿಯ ಅಂಚಿನಲ್ಲಿ ಕೂತರು,
ಕಾಲು ಚಾಚಿ.